ತಮ್ಮನ ಫೈಲು

ನಮ್ಮ ಕಡೆ ದೊಡ್ಡ ಕಾಯಿಲೆಗೆ ಸಲಹೆ ಕೇಳಿದರೆ ಉತ್ತರವಾಗಿ ಊರಿನ ಹೆಸರು ಬರುತ್ತದೆ. "ಹುಬ್ಬಳ್ಳಿಗೆ ಹೋಗ್ರಿ." "ಹೈದರಾಬಾದಿಗೆ ಒಯ್ಯಿರಿ." "ಮೀರಜ್‌ನಾಗ ನಮ್ಮ ಮಾವಗ ಆರಾಮ ಆತು." "ಸೊಲ್ಲಾಪುರ." "ಬೆಂಗಳೂರು ಕಿದ್ವಾಯಿ." "ಮುಂಬೈ ಟಾಟಾ." 2024ರ ಆಗಸ್ಟ್ ತಿಂಗಳಲ್ಲಿ ಇಂಥ ಹೆಸರುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಒಟ್ಟು ಹನ್ನೊಂದು ಊರು. ಅಲ್ಲಿ ಹೋದರೆ ಏನು ಮಾಡುತ್ತಾರೆ ಅಂತ ಒಂದರ ಮುಂದೆಯೂ ಬರೆದಿಲ್ಲ. ನಾನು ಅದನ್ನು ಕೇಳಿರಲೇ ಇಲ್ಲ.

ತಮ್ಮ ನನಗಿಂತ ಐದು ವರ್ಷ ಚಿಕ್ಕವನು. ಕಾರಟಗಿ ಹತ್ತಿರದ ನಮ್ಮ ಊರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುತ್ತಾನೆ. ನಾನು ಗಂಗಾವತಿಯಲ್ಲಿ ಪ್ರೈಮರಿ ಶಾಲೆ ಟೀಚರ್. ಆ ವರ್ಷದ ಶುರುವಿನಿಂದಲೇ ಅವನಿಗೆ ಸಂಡಾಸಕ್ಕೆ ಹೋದಾಗ ರಕ್ತ ಬೀಳುತ್ತಿತ್ತು. ನಾಚಿಕೊಂಡು ಯಾರಿಗೂ ಹೇಳಲಿಲ್ಲ. ಕೊನೆಗೆ ಹೇಳಿದಾಗ ಎಲ್ಲರೂ ಮೂಲವ್ಯಾಧಿ ಅಂದರು. ತೋರಿಸಿದ ಡಾಕ್ಟರೂ ಅದನ್ನೇ ಅಂದು ಮುಲಾಮು, ಗುಳಿಗೆ ಬರೆದುಕೊಟ್ಟರು. ಕೈ ಹಾಕಿ ಪರೀಕ್ಷೆ ಮಾಡಲಿಲ್ಲ. ಆರು ತಿಂಗಳು ಹೀಗೇ ಹೋಯಿತು. ನಡುವೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ತೀರಾ ಕಮ್ಮಿ ಬಂತು. ಟಾನಿಕ್ ಕೊಟ್ಟರು. 46 ವರ್ಷದ, ಹೊಲದಲ್ಲಿ ದುಡಿಯುವ ಗಂಡಸಿನ ಮೈಯಿಂದ ರಕ್ತ ಎಲ್ಲಿ ಹೋಗುತ್ತಿದೆ ಅಂತ ಯಾರೂ ಕೇಳಲಿಲ್ಲ. ಓದು ಬಲ್ಲ ನಾನೂ ಕೇಳಲಿಲ್ಲ. ಈ ಒಂದು ಮಾತು ಇನ್ನೂ ನನ್ನನ್ನು ರಾತ್ರಿ ಎಬ್ಬಿಸುತ್ತದೆ.

ಆಗಸ್ಟ್ ಮೊದಲ ವಾರ ಹೊಟ್ಟೆ ಉಬ್ಬಿ ಕಲ್ಲಾಯಿತು. ವಾಂತಿ. ಮೂರು ದಿನದಿಂದ ಗಾಳಿ ಕೂಡ ಹೋಗಿರಲಿಲ್ಲ. ಬಳ್ಳಾರಿಗೆ ಕರೆದುಕೊಂಡು ಹೋದೆವು. ದೊಡ್ಡ ಕರುಳು ಎಡಭಾಗದಲ್ಲಿ ಗಡ್ಡೆಯಿಂದ ಪೂರಾ ಮುಚ್ಚಿಹೋಗಿತ್ತು. ಅವತ್ತೇ ರಾತ್ರಿ ಆಪರೇಷನ್ ಮಾಡಿ, ಕರುಳಿನ ಬಾಯಿಯನ್ನು ಹೊಟ್ಟೆ ಮೇಲೆ ತಂದು ಚೀಲ ಕಟ್ಟಿದರು. ಅದಕ್ಕೆ ಸ್ಟೋಮಾ ಅನ್ನುತ್ತಾರೆ. ಆಮೇಲೆ ಸ್ಕ್ಯಾನ್ ಆಯಿತು. ಲಿವರ್‌ನ ಎರಡೂ ಕಡೆ ಕಲೆಗಳಿದ್ದವು. ಕ್ಯಾನ್ಸರ್, ನಾಲ್ಕನೇ ಹಂತ.

ಅವನು ವಾರ್ಡಿನಲ್ಲಿದ್ದಾಗಲೇ, ಆಗಸ್ಟ್ 10ರ ರಾತ್ರಿ, ಟಿ.ಬಿ. ಡ್ಯಾಮಿನ, ಅಂದರೆ ತುಂಗಭದ್ರಾ ಅಣೆಕಟ್ಟಿನ, 19ನೇ ಗೇಟು ಚೈನು ಹರಿದು ಕೊಚ್ಚಿಹೋಯಿತು. ನಮ್ಮ ಕಡೆಯವರಿಗೆ ಆ ರಾತ್ರಿ ಮರೆಯುವುದಿಲ್ಲ. ಅಕ್ಕಪಕ್ಕದ ಮಂಚದಲ್ಲಿ ಕಂಪ್ಲಿಯವರು, ಸಿರುಗುಪ್ಪದವರು. ಎಲ್ಲರ ಕೈಯಲ್ಲೂ ಫೋನು. ಊರಿಂದ ಬಟ್ಟೆ ತರಲು ಹೊರಟಿದ್ದ ತಮ್ಮನ ಮಗ ಕಂಪ್ಲಿ ಸೇತುವೆ ಏನಾಗುತ್ತೋ ಅಂತ ನಿಂತುಬಿಟ್ಟ. ಡ್ಯಾಮಿನ ಮೇಲಿನ ಭಾರ ಇಳಿಸಲು ಉಳಿದ ಗೇಟುಗಳನ್ನೂ ತೆಗೆದು ನೀರು ಹೊಳೆಗೆ ಬಿಟ್ಟರು. ನಾಟಿ ಮಾಡಿದ ರೈತರ ನೀರು ಕಣ್ಣೆದುರೇ ಹೋಗುತ್ತಿತ್ತು. ಮೂಗಿನಲ್ಲಿ ನಳಿಕೆ ಹಾಕಿಕೊಂಡಿದ್ದ ತಮ್ಮ ತನ್ನ ಹೊಟ್ಟೆ ಬಗ್ಗೆ ಒಂದೂ ಮಾತು ಕೇಳಲಿಲ್ಲ, ಗೇಟಿನ ಸುದ್ದಿಯನ್ನೇ ಕೇಳುತ್ತಿದ್ದ. ಟಿ.ವಿ.ಯಲ್ಲಿ ಒಬ್ಬೊಬ್ಬರು ಒಂದೊಂದು ಉಪಾಯ ಹೇಳುತ್ತಿದ್ದರು. ಆಮೇಲೆ ಗೇಟುಗಳ ಕೆಲಸ ಬಲ್ಲ ಕನ್ನಯ್ಯ ನಾಯ್ಡು ಅವರು ಬಂದರು. ಹರಿಯುವ ನೀರಿನಲ್ಲೇ ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಅವತ್ತು ತಮ್ಮ ಆಪರೇಷನ್ ಆದ ಮೇಲೆ ಮೊದಲ ಸಲ ಎದ್ದು ಕೂತ.

ಗಡ್ಡೆಯ ತುಣುಕು ತೆಗೆದು ನೋಡಿದ ಬಯಾಪ್ಸಿ ರಿಪೋರ್ಟ್ ಬಂದಾಗ ನಾವು ಮನೆಯವರು ಡಾಕ್ಟರನ್ನು ಬೇಡಿಕೊಂಡೆವು. ಅವನಿಗೆ ಹೇಳಬೇಡ್ರಿ, ಕರುಳಿನಾಗ ಹುಣ್ಣು ಅಂತ ಹೇಳ್ರಿ. ಅವ್ವನಿಗೂ ಹಾಗೇ ಹೇಳಿದೆವು. ಅವನ ಹೆಂಡತಿಗೆ ಅರ್ಧ ಹೇಳಿದೆವು. ನಾನೇ ಮುಂದೆ ನಿಂತು ಮಾಡಿದ ಕೆಲಸ ಇದು. ಅವನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಹನ್ನೊಂದು ಊರುಗಳ ನೋಟ್‌ಬುಕ್ಕು ಶುರುವಾಗಿದ್ದು ಆಗ. ಊರುಗಳಲ್ಲದೆ ಬೇರೆ ಸಲಹೆಗಳೂ ಬಂದವು. ಹನುಮಫಲದ ಎಲೆ ಕಷಾಯ. ಗೋಧಿ ಹುಲ್ಲಿನ ರಸ. ಸಕ್ಕರೆ ಬಿಟ್ಟರೆ ಗಡ್ಡೆ ಹಸಿದು ಸಾಯುತ್ತದೆ ಅನ್ನುವ ವಾಟ್ಸಾಪ್ ಮೆಸೇಜು. ಬಯಾಪ್ಸಿ ಮಾಡಿಸಿದ್ದಕ್ಕೇ ಹರಡಿತು ಅಂತ ಮುಖಕ್ಕೇ ಹೇಳಿದವರೂ ಇದ್ದರು. ಆ ಮಾತು ಸುಳ್ಳು. ಬಯಾಪ್ಸಿಗೆ ಮೊದಲೇ ಲಿವರ್‌ಗೆ ಹೋಗಿತ್ತು. ಇಂಥ ಗಡ್ಡೆಗೆ ಬಯಾಪ್ಸಿ ಇಲ್ಲದೆ ಡಾಕ್ಟರು ಸಾಮಾನ್ಯವಾಗಿ ಕೀಮೋ ಶುರು ಮಾಡುವುದಿಲ್ಲ. ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಏನಾದರೂ ಕೊಡಬೇಕು ಅನ್ನುವ ಪ್ರೀತಿಗೆ ಅವರ ಹತ್ತಿರ ಇದ್ದಿದ್ದು ಅಷ್ಟೇ.

ಆದರೆ ಒಂದು ಸಲಹೆಯಿಂದ ಆದ ತೊಂದರೆ ಹೇಳಲೇಬೇಕು. ಕೀಮೋ ಶುರುವಾದ ಮೇಲೆ ಸಂಬಂಧಿಕರೊಬ್ಬರು ರಕ್ತ ಜಾಸ್ತಿ ಆಗಲಿ ಅಂತ ಟಾನಿಕ್ ತಂದುಕೊಟ್ಟರು. ಒಳ್ಳೆಯದೇ ಅಲ್ವಾ ಅಂತ ಕುಡಿಸಿದೆವು. ಹತ್ತು ದಿನದಲ್ಲಿ ಬಾಯೆಲ್ಲ ಹುಣ್ಣು, ಚೀಲ ನಿಲ್ಲದಂತೆ ಭೇದಿ. ಡಾಕ್ಟರ್ ಟಾನಿಕ್ ಬಾಟಲಿ ತರಿಸಿ ಓದಿದರು. ಅದರಲ್ಲಿ ಫೋಲಿಕ್ ಆಸಿಡ್ ಇತ್ತು. ತಮ್ಮ ತಿನ್ನುತ್ತಿದ್ದ ಕೇಪ್‌ಸಿಟಾಬಿನ್ ಅನ್ನುವ ಕೀಮೋ ಗುಳಿಗೆಯ ವಿಷವನ್ನು ಫೋಲಿಕ್ ಆಸಿಡ್ ಹೆಚ್ಚಿಸುತ್ತದೆ. ಟಾನಿಕ್ ನಿಲ್ಲಿಸಿ ಸಲೈನ್ ಕೊಟ್ಟ ಮೇಲೆ ಸುಧಾರಿಸಿದ. ಕಷಾಯ ಇರಲಿ, ಟಾನಿಕ್ ಇರಲಿ, ಕೀಮೋ ಕೊಡುವವರಿಗೆ ತೋರಿಸದೆ ಬಾಯಿಗೆ ಹಾಕಬಾರದು ಅಂತ ನಾವು ಕಲಿತದ್ದು ಹೀಗೆ.

ದಾರಿ ತೋರಿಸಿದ್ದು ನಮ್ಮ ಚಿಕ್ಕಪ್ಪನ ಮಗಳು. ಅವಳು ನರ್ಸ್. ನನ್ನ ನೋಟ್‌ಬುಕ್ಕು ನೋಡಿ ಒಂದು ಹಾಳೆ ತಿರುವಿ, "ಅಕ್ಕಾ, ಎಲ್ಲಿಗೆ ಹೋಗೋದು ಆಮ್ಯಾಲ ನೋಡೋಣ. ಹೋಗಿ ಏನು ಕೇಳ್ತೀ, ಅದನ್ನ ಮೊದಲು ಬರಿ" ಅಂದಳು. ಇಬ್ಬರೂ ಕೂತು ಬರೆದೆವು. ಲಿವರ್‌ನಲ್ಲಿರುವ ಕಲೆಗಳನ್ನು ಕತ್ತರಿಸಿ ತೆಗೆಯಲು ಬರುತ್ತದೆಯೇ? ಈಗ ಆಗದಿದ್ದರೆ ಕೀಮೋದಿಂದ ಕುಗ್ಗಿದ ಮೇಲೆ ಬರುತ್ತದೆಯೇ? ಈ ಔಷಧಿ ಕಾಯಿಲೆ ವಾಸಿ ಮಾಡಲಿಕ್ಕೋ, ಹಿಡಿದಿಡಲಿಕ್ಕೋ? ಗಡ್ಡೆಯ ಜೀನ್ ಪರೀಕ್ಷೆ ಆಗಿದೆಯೇ? ಏನೂ ಮಾಡದಿದ್ದರೆ ಏನಾಗುತ್ತದೆ? ಇದರಲ್ಲಿ ಯಾವುದನ್ನು ಮನೆ ಹತ್ತಿರ ಮಾಡಿಸಬಹುದು?

ಮೊದಲನೇ ಪ್ರಶ್ನೆ ಯಾಕೆ ಮುಖ್ಯ ಅಂತ ಅವಳೇ ಹೇಳಿದಳು. ದೂರಕ್ಕೆ ಹರಡಿದ ಬಹಳಷ್ಟು ಕ್ಯಾನ್ಸರ್‌ಗಳಲ್ಲಿ ಆಪರೇಷನ್ ಮಾತೇ ಬರುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಹಾಗಲ್ಲ. ಲಿವರ್‌ನಲ್ಲಿ ಕೆಲವೇ ಕಲೆಗಳಿದ್ದು ತೆಗೆಯಲು ಬಂದರೆ, ನಾಲ್ಕನೇ ಹಂತದಲ್ಲೂ ಕೆಲವರು ಪೂರ್ತಿ ಗುಣವಾಗುತ್ತಾರೆ. ಅದಕ್ಕೇ ಕೀಮೋ ಡಾಕ್ಟರ್ ಒಬ್ಬರೇ ನೋಡಿದರೆ ಸಾಲದು. ಲಿವರ್ ಸರ್ಜನ್ನೂ ಸ್ಕ್ಯಾನ್ ನೋಡಿರಬೇಕು. ಹೀಗೆ ಎಲ್ಲ ವಿಭಾಗದವರೂ ಒಟ್ಟಿಗೆ ಕೂತು ನೋಡುವುದಕ್ಕೆ ಟ್ಯೂಮರ್ ಬೋರ್ಡ್ ಅನ್ನುತ್ತಾರೆ. "ಯಾವ ಊರು" ಅನ್ನುವ ಪ್ರಶ್ನೆಗೆ ಆಗ ಉತ್ತರ ಸಿಕ್ಕಿತು. ಟ್ಯೂಮರ್ ಬೋರ್ಡ್ ಇರುವ ಊರು.

ಬೆಂಗಳೂರಿಗೆ ಹೋದೆವು. ಹೊಸಪೇಟೆಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್. ಮೊದಲ ಸಲ ಹೋಗಿದ್ದು ದಂಡವಾಯಿತು. ನಮ್ಮ ಫೈಲಿನಲ್ಲಿ ಬರೀ ಕಾಗದಗಳಿದ್ದವು. ಅಲ್ಲಿ ಬಯಾಪ್ಸಿಯ ಬ್ಲಾಕ್ ಕೇಳಿದರು. ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟಿರುತ್ತಾರೆ, ಅದು ಬ್ಲಾಕ್. ಹೊಸ ಆಸ್ಪತ್ರೆಯವರು ಅದರಿಂದ ತಾವೇ ಮತ್ತೊಮ್ಮೆ ನೋಡುತ್ತಾರೆ, ಜೀನ್ ಪರೀಕ್ಷೆಗೂ ಅದೇ ಬೇಕು. ಸ್ಕ್ಯಾನಿನದೂ ಫಿಲ್ಮ್ ಸಾಲದು, ಸಿ.ಡಿ. ಬೇಕು. ಮೊದಲ ಆಸ್ಪತ್ರೆಯಲ್ಲಿ ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ವಾಪಸ್ ಬಂದು, ಅರ್ಜಿ ಬರೆದು, ಮೂರು ದಿನ ಕಾದು, ಪುಟ್ಟ ಡಬ್ಬಿಯಲ್ಲಿ ಬ್ಲಾಕ್ ಇಸಿದುಕೊಂಡು ಮತ್ತೆ ರೈಲು ಹತ್ತಿದೆವು. ಹೊಲಿಗೆ ಇನ್ನೂ ಮಾಗದ ಹೊಟ್ಟೆ ಹಿಡಿದುಕೊಂಡು ಅವನು ಎರಡನೇ ಸಲ ಆ ದಾರಿ ಹೋದ. ಯಾರಾದರೂ ಇದನ್ನು ಓದಿ ಮೊದಲೇ ಬ್ಲಾಕ್ ಇಸಿದುಕೊಂಡರೆ ಒಂದು ಪ್ರಯಾಣ ಉಳಿಯುತ್ತದೆ. ರೈಲಿನ ಮಾತು ಬಂತು ಅಂತ ಇದನ್ನೂ ಹೇಳುತ್ತೇನೆ: ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್, ಥರ್ಡ್ ಎ.ಸಿ.ಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ಮುಕ್ಕಾಲು ಭಾಗ ಮಾಫಿ. ಆಸ್ಪತ್ರೆಯ ಸರ್ಟಿಫಿಕೇಟ್ ಇರಬೇಕು. ನಾಲ್ಕು ಸಲ ಪೂರ್ತಿ ದುಡ್ಡು ಕೊಟ್ಟ ಮೇಲೆ ನಮಗೆ ಇದು ತಿಳಿಯಿತು.

ಮೊದಲ ಸಲ ಆ ಆಸ್ಪತ್ರೆಯ ಗೇಟಿನ ಮುಂದೆ ಆಟೋ ಇಳಿದಾಗ ನಾನು ಅವನನ್ನು ಬೇಗ ಬೇಗ ಒಳಗೆ ನಡೆಸಿದೆ. ಬೋರ್ಡ್ ನೋಡದಿರಲಿ ಅಂತ. ಅವನು ನಿಂತ. ಮೇಲೆ ನೋಡಿದ.

"ಅಕ್ಕಾ, ಬೋರ್ಡ್ ನನಗೂ ಓದಾಕ ಬರ್ತೈತಿ" ಅಂದ. "ಬಳ್ಳಾರ್ಯಾಗೇ ಗೊತ್ತಾಗೇತಿ. ನೀ ಅಳಬಾರ್ದು ಅಂತ ಸುಮ್ನಿದ್ದೆ."

ಒಂದು ತಿಂಗಳು ನಾನು ಅವನಿಗೆ ಮುಚ್ಚಿಟ್ಟೆ. ಅವನು ನನಗೆ ಮುಚ್ಚಿಟ್ಟ. ಆ ತಿಂಗಳಲ್ಲಿ ಅವನ ಜೊತೆ ಒಂದು ನಿಜವಾದ ಮಾತೂ ಆಗಿರಲಿಲ್ಲ. ಗೇಟಿನ ಪಕ್ಕದ ಕಟ್ಟೆ ಮೇಲೆ ಕೂತು ಇಬ್ಬರೂ ಅತ್ತೆವು. ಆಮೇಲೆ ಫೈಲನ್ನು ಅವನ ಕೈಗೇ ಕೊಟ್ಟೆ. ಬೀಜದ ಕಂಪನಿಯ ಹಸಿರು ಚೀಲದಲ್ಲಿದ್ದ ಫೈಲು. ಅವತ್ತಿನಿಂದ ಅದು ಅವನ ಹತ್ತಿರವೇ ಇರುತ್ತದೆ.

ಟ್ಯೂಮರ್ ಬೋರ್ಡಿನ ಉತ್ತರ ಕಷ್ಟದ್ದಾಗಿತ್ತು. ಲಿವರ್‌ನಲ್ಲಿ ಕಲೆಗಳು ಜಾಸ್ತಿ, ಎರಡೂ ಕಡೆ ಇವೆ, ಈಗ ಆಪರೇಷನ್ ಆಗದು. ಕೀಮೋ ಕೊಟ್ಟು ಮತ್ತೆ ನೋಡೋಣ. ಜೀನ್ ಪರೀಕ್ಷೆಯಲ್ಲಿ ಕೆ-ರಾಸ್ ಅನ್ನುವ ಜೀನ್ ಬದಲಾಗಿತ್ತು. ಈ ಕ್ಯಾನ್ಸರ್ ಇರುವ ನೂರು ಜನರಲ್ಲಿ ಸುಮಾರು 40 ಮಂದಿಗೆ ಹೀಗಿರುತ್ತದೆ. ಅಂಥವರಿಗೆ ಸೆಟುಕ್ಸಿಮ್ಯಾಬ್ ಅನ್ನುವ ದುಬಾರಿ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ಎಂ.ಎಸ್.ಐ. ಅನ್ನುವ ಇನ್ನೊಂದು ಪರೀಕ್ಷೆಯೂ ಆಯಿತು. ಅದು ಹೆಚ್ಚಿಗೆ ಬಂದವರಿಗೆ ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ, ಬಹಳ ಚೆನ್ನಾಗಿ ಹಿಡಿಯುತ್ತದೆ. ಆದರೆ ಹರಡಿದ ಹಂತದಲ್ಲಿ ಅಂಥವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ. ನಮ್ಮವನು ಆ ನಾಲ್ಕೈದರಲ್ಲಿ ಇರಲಿಲ್ಲ. ಯಾರೋ ಹೈದರಾಬಾದಿನಲ್ಲಿ ಇಮ್ಯುನೋಥೆರಪಿ ಕೊಡುತ್ತಾರಂತೆ, ಹೊಲ ಮಾರಿಯಾದರೂ ಕೊಡಿಸಿ ಅಂದಿದ್ದರು. ಆ ಒಂದು ಪರೀಕ್ಷೆ ನಮ್ಮ ಮೂರು ಎಕರೆ ಉಳಿಸಿತು.

ಎರಡನೇ ಅಭಿಪ್ರಾಯವನ್ನೂ ತೆಗೆದುಕೊಂಡೆವು, ಆದರೆ ಮುಂಬೈಗೆ ಹೋಗಲಿಲ್ಲ. ಟಾಟಾ ಮೆಮೋರಿಯಲ್ ತಜ್ಞರ ಅಭಿಪ್ರಾಯವನ್ನು ಮನೆಯಿಂದಲೇ ಕೇಳಲು ನವ್ಯ ಅನ್ನುವ ಆನ್‌ಲೈನ್ ವ್ಯವಸ್ಥೆ ಇದೆ. ಚಿಕ್ಕಪ್ಪನ ಮಗಳು ರಿಪೋರ್ಟುಗಳನ್ನೆಲ್ಲ ಸ್ಕ್ಯಾನ್ ಮಾಡಿ ಹಾಕಿದಳು. ಅಲ್ಲಿಂದ ಬಂದ ಉತ್ತರವೂ ಬೆಂಗಳೂರಿನವರು ಹೇಳಿದ್ದೇ ಆಗಿತ್ತು. ಅದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಿದೆ. ಹನ್ನೊಂದು ಊರುಗಳು ನನ್ನ ತಲೆಯಿಂದ ಇಳಿದವು.

ಆಮೇಲಿನದು ಕೀಮೋ. ಮೊದಲ ಎರಡು ಸುತ್ತು ಬೆಂಗಳೂರಿನಲ್ಲಿ. ಆಮೇಲೆ ಡಾಕ್ಟರೇ ಪತ್ರ ಬರೆದುಕೊಟ್ಟು, ಇದೇ ಔಷಧಿ, ಇದೇ ಅಳತೆ, ನಿಮಗೆ ಹತ್ತಿರದಲ್ಲೇ ಹಾಕಿಸಿಕೊಳ್ಳಿ ಅಂದರು. ದೊಡ್ಡ ಆಸ್ಪತ್ರೆ ಬೇಕಾಗಿದ್ದು ಯೋಜನೆ ಹಾಕಲಿಕ್ಕೆ. ಡ್ರಿಪ್ ಹಾಕಲಿಕ್ಕೆ ಪ್ರತಿ ಸಲ ಅಷ್ಟು ದೂರ ಹೋಗಬೇಕಿಲ್ಲ. ಕಲಬುರಗಿಯಲ್ಲಿ ಕಿದ್ವಾಯಿಯದೇ ಶಾಖೆ ಇದೆ, ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ನಮಗೆ ಹುಬ್ಬಳ್ಳಿ ಹತ್ತಿರ. ಬಿ.ಪಿ.ಎಲ್. ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮರೆಯಬಾರದು. ಜೀನ್ ಪರೀಕ್ಷೆಗೆ ಮಾತ್ರ ನಾವು ಕೈಯಿಂದ ಕಟ್ಟಿದೆವು, ಭತ್ತ ಮಾರಿದ ದುಡ್ಡಲ್ಲಿ.

ಮೂರು ವಾರಕ್ಕೊಂದು ಸುತ್ತು. ಮೊದಲ ದಿನ ಆಕ್ಸಾಲಿಪ್ಲಾಟಿನ್ ಡ್ರಿಪ್, ಹದಿನಾಲ್ಕು ದಿನ ಗುಳಿಗೆ, ಒಂದು ವಾರ ಬಿಡುವು. ಆ ಡ್ರಿಪ್ ಆದ ಮೇಲೆ ತಣ್ಣನೆಯದನ್ನು ಮುಟ್ಟಲು ಆಗುವುದಿಲ್ಲ. ಸ್ಟೀಲ್ ಲೋಟ ಹಿಡಿದರೆ ಬೆರಳಿಗೆ ಕರೆಂಟ್ ಹೊಡೆದಂತೆ. ಕೊಡದ ನೀರು ಗುಟುಕರಿಸಿದರೆ ಗಂಟಲು ಕಟ್ಟಿದಂತೆ. ಅವ್ವ ಅವನಿಗೆ ಮೂರು ಹೊತ್ತೂ ಬಿಸಿನೀರು ಕಾಯಿಸಿ ಇಡುತ್ತಿದ್ದಳು. ಅಷ್ಟು ಹೊತ್ತಿಗೆ ಅವ್ವನಿಗೂ ಎಲ್ಲ ಹೇಳಿದ್ದೆವು. ಅವಳು ಒಂದು ದಿನ ಪೂರ್ತಿ ಮಾತಾಡಲಿಲ್ಲ. ಮರುದಿನ ಎದ್ದು, ಚೀಲ ಹೇಗೆ ಬದಲಾಯಿಸುವುದು ತನಗೂ ತೋರಿಸು ಅಂದಳು.

2025ರ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಪ್ರತಿ ವರ್ಷ ನಮ್ಮೂರಿಂದ ದಾಸೋಹಕ್ಕೆ ಜೋಳದ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ, ಓಡಿಸುವವನು ತಮ್ಮ. ಈ ಸಲ ಬೇಡ ಅಂದೆವು. ಚಳಿ ಇತ್ತು, ಕೈಗೆ ಸ್ಟೇರಿಂಗ್ ಹಿಡಿಯಲು ಆಗುತ್ತಿರಲಿಲ್ಲ. ಅವನು ಕೈಗೆ ಉಣ್ಣೆಯ ಚೀಲ ಹಾಕಿಕೊಂಡು, ಮಗನಿಗೆ ಟ್ರ್ಯಾಕ್ಟರ್ ಕೊಟ್ಟು, ತಾನು ಪಕ್ಕದ ಮಡ್‌ಗಾರ್ಡ್ ಮೇಲೆ ಕೂತು ಹೋದ. ದಾರಿಯಲ್ಲಿ ಎರಡು ಸಲ ಚೀಲ ಬದಲಾಯಿಸಿಕೊಂಡನಂತೆ. ಬಂದು ಹನ್ನೆರಡು ತಾಸು ಮಲಗಿದ. ಹೋಗಿದ್ದು ಸರಿ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಕಲೆಗಳು ಕುಗ್ಗಿದವು. ಆಪರೇಷನ್ ಮಾಡುವಷ್ಟು ಅಲ್ಲ. ಬೆರಳು, ಅಂಗಾಲು ಜೋಮು ಹಿಡಿದ ಮೇಲೆ ಡ್ರಿಪ್ ನಿಲ್ಲಿಸಿ ಬರೀ ಗುಳಿಗೆ ಮುಂದುವರಿಸಿದರು. ಆ ಬೇಸಿಗೆ ಚೆನ್ನಾಗಿತ್ತು. ಡಾಕ್ಟರ್ ನಮ್ಮನ್ನು ಪ್ಯಾಲಿಯೇಟಿವ್ ವಿಭಾಗಕ್ಕೂ ಕಳಿಸಿದ್ದರು. ಆ ಹೆಸರು ಕೇಳಿ ನನ್ನ ಎದೆ ಒಡೆದಿತ್ತು, ಕೈಬಿಟ್ಟರು ಅಂದುಕೊಂಡೆ. ಹಾಗಲ್ಲ. ನೋವು, ನಿದ್ದೆ, ಊಟ, ಚೀಲದ ಸುತ್ತ ಚರ್ಮ ಸುಡುವುದು, ಇವುಗಳನ್ನು ಕೂತು ಕೇಳುವವರು ಅವರೇ. ಕೀಮೋ ನಡೆಯುತ್ತಿರುವಾಗಲೇ ಅವರ ಹತ್ತಿರ ಹೋಗಬಹುದು, ಹೋಗಬೇಕು. ನಾವು ಇನ್ನೂ ಬೇಗ ಹೋಗಬೇಕಿತ್ತು.

2025ರ ಅಕ್ಟೋಬರಿನಲ್ಲಿ ಸಿ.ಇ.ಎ. ಏರಿತು. ರಕ್ತದಲ್ಲಿ ಈ ಕ್ಯಾನ್ಸರಿನ ಸುಳಿವು ಕೊಡುವ ಪರೀಕ್ಷೆ ಅದು. ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಎರಡು ಸಣ್ಣ ಚುಕ್ಕೆ. ಮತ್ತೆ ಬೆಂಗಳೂರು. ನಾನು ಪ್ರಶ್ನೆಗಳ ಹಾಳೆ ತೆಗೆದೆ. ತಮ್ಮ ಕೈ ಅಡ್ಡ ಹಿಡಿದ.

"ಸಾರ್, ನಮ್ಮ ಡ್ಯಾಮಿನ ಗೇಟು ಹೋಗಿತ್ತಲ್ರಿ. ನಂದು ಗೇಟು ಕೂಡಿಸೋ ಕೆಲಸೇನ್ರಿ, ಬರೋ ನೀರು ನಿಭಾಯಿಸೋ ಕೆಲಸೇನ್ರಿ?"

ಡಾಕ್ಟರ್ ಕಂಪ್ಯೂಟರಿನಿಂದ ಮುಖ ತಿರುಗಿಸಿದರು. ಸ್ವಲ್ಪ ಹೊತ್ತು ಅವನನ್ನೇ ನೋಡಿದರು. "ನೀರು ನಿಭಾಯಿಸೋ ಕೆಲಸ" ಅಂದರು. "ಗೇಟು ಕೂಡಿಸೋಕೆ ಆಗಲ್ಲ. ನೀರು ಎಷ್ಟು ದಿನ ನಿಭಾಯಿಸ್ತೀವಿ ಅನ್ನೋದು ಮುಂದಿನ ಔಷಧಿ ಹೇಗೆ ಹಿಡಿಯುತ್ತೆ ಅನ್ನೋದರ ಮೇಲಿದೆ."

ಹದಿನಾಲ್ಕು ತಿಂಗಳಲ್ಲಿ ನಾವು ಕೇಳಿದ ಅತ್ಯಂತ ಸ್ಪಷ್ಟ ಮಾತು ಅದು. ತಮ್ಮ ತಲೆಯಾಡಿಸಿದ. ಆಮೇಲೆ ಕೇಳಿದ, ಮುಂದಿನ ಔಷಧಿಯಿಂದ ಏನು ತೊಂದರೆ? ಇರಿನೋಟಿಕ್ಯಾನ್, ಭೇದಿ ಜಾಸ್ತಿ ಅಂದರು. ಕೊಯ್ಲು ಮುಗಿಯೋತನಕ ಒಂದೂವರೆ ತಿಂಗಳು ತಡೆದರೆ? ಡಾಕ್ಟರ್ ಹಳೇ ಸ್ಕ್ಯಾನು, ಹೊಸ ಸ್ಕ್ಯಾನು ಪಕ್ಕಪಕ್ಕ ಇಟ್ಟು ನೋಡಿದರು. ನಿಧಾನಕ್ಕೆ ಬೆಳೆಯುತ್ತಿದೆ, ನಿಮಗೆ ನೋವಿಲ್ಲ, ತಡೆಯಬಹುದು, ಆದರೆ ಕೆಮ್ಮು, ಕಾಮಾಲೆ ಕಂಡರೆ ಒಂದು ದಿನವೂ ಕಾಯಬೇಡಿ ಅಂದರು. ನಾನು ಬೇಡ ಅನ್ನಲು ಬಾಯಿ ತೆರೆದೆ. ಅವನು ನನ್ನ ಕಡೆ ನೋಡಿದ. ಸುಮ್ಮನಾದೆ. ಕೊಯ್ಲು ಮುಗಿಸಿ, ಭತ್ತ ಒಣಗಿಸಿ, ಚೀಲ ಲೆಕ್ಕ ಮಾಡಿ, ಡಿಸೆಂಬರಿನಲ್ಲಿ ಔಷಧಿ ಶುರು ಮಾಡಿದ. ಅಳತೆ ಸ್ವಲ್ಪ ಕಡಿಮೆ ಮಾಡಿ ಕೊಡುತ್ತಿದ್ದಾರೆ. ಈಗ ನಡೆಯುತ್ತಿದೆ.

ಅವತ್ತು ಎದ್ದು ಬರುವಾಗ ಡಾಕ್ಟರ್ ನನ್ನ ಕಡೆ ಬೆರಳು ಮಾಡಿ ಕೇಳಿದರು, "ನೀವು ಕೊಲೊನೋಸ್ಕೋಪಿ ಮಾಡಿಸಿದ್ದೀರಾ?" ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ ಅದು. ಒಡಹುಟ್ಟಿದವರಿಗೆ, ಮಕ್ಕಳಿಗೆ ಅಪಾಯ ಜಾಸ್ತಿ. ರೋಗಿಗೆ ಕಾಯಿಲೆ ಗೊತ್ತಾದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಇಲ್ಲವೇ 40ಕ್ಕೆ, ಯಾವುದು ಮೊದಲೋ ಆಗ ಮಾಡಿಸಬೇಕಂತೆ. ನಮ್ಮ ಮನೆಗೆ ಅದು 36. ನನಗೆ ಈಗ 52. ಸಿಂಧನೂರಿನ ತಂಗಿಗೆ 41. ಈ ಕ್ಯಾನ್ಸರ್ ಬಹುಪಾಲು ಪಾಲಿಪ್ ಅನ್ನುವ ಸಣ್ಣ ಗಂಟಿನಿಂದ ಶುರುವಾಗುತ್ತದೆ, ಅದು ಕ್ಯಾನ್ಸರ್ ಆಗಲು ಎಷ್ಟೋ ಸಲ ಹತ್ತು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಕಂಡರೆ ಕ್ಯಾಮೆರಾ ಹಾಕಿದಾಗಲೇ ತೆಗೆದುಬಿಡಬಹುದು.

ನಾನು ಎರಡು ತಿಂಗಳು ಮುಂದೂಡಿದೆ. ಭಯ ಇತ್ತು. ತಮ್ಮನೇ ದಿನ ಗೊತ್ತು ಮಾಡಿ ಬಂದ. ಹಿಂದಿನ ರಾತ್ರಿ ನಮ್ಮ ಮನೆಯಲ್ಲೇ ಉಳಿದು, ಹೊಟ್ಟೆ ತೊಳೆಯುವ ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ, ಲೋಟ ಲೋಟ ಅಳೆದು ಕೊಟ್ಟ. "ಕಡೀ ಅರ್ಧ ಲೀಟರ್ ಭಾಳ ಕಷ್ಟ ಅಕ್ಕಾ, ಮೂಗು ಮುಚ್ಚಿಕೊಂಡು ಕುಡಿ" ಅಂದ.

ಮಂಪರು ಇಳಿದು ಕಣ್ಣು ಬಿಟ್ಟಾಗ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ತೊಡೆ ಮೇಲೆ ಹೊಸ ಫೈಲು, ನನ್ನ ಹೆಸರಿನದು. ಒಂದು ಪಾಲಿಪ್ ಇತ್ತು, ತೆಗೆದಿದ್ದಾರೆ ಅಂದ. ನನ್ನ ಹಳೇ ನೋಟ್‌ಬುಕ್ಕು ಅವನ ಕೈಯಲ್ಲಿತ್ತು. ಡಾಕ್ಟರ್ ಬಂದಾಗ ಎದ್ದು ನಿಂತು ಅದನ್ನು ನೋಡಿಕೊಂಡು ಕೇಳಿದ.

"ಎಷ್ಟು ದೊಡ್ಡದಿತ್ರಿ? ಪೂರ್ತಿ ಬಂತೇನ್ರಿ? ಬ್ಲಾಕ್ ಎಲ್ಲಿ ಇಡ್ತೀರಿ? ಮತ್ತ ಯಾವಾಗ ಕರ್ಕೊಂಡು ಬರ್ಲಿ?"